ಎರಡು ಲಕ್ಷದ 24-70 ಲೆನ್ಸ್: ಮಂಡ್ಯದ ಮದುವೆ ಕೆಲಸಕ್ಕೆ ಬೇಕಾ?

ಸಕ್ಕರೆನಾಡ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ. ಮದುವೆ ಸೀಸನ್‌ನಲ್ಲಿ ಇಲ್ಲಿನ ಒಂದು ಸ್ಟುಡಿಯೋಗೆ ಸೆಕೆಂಡ್ ಕ್ಯಾಮೆರಾ ಹೋಗುತ್ತೇನೆ, ದಿನಕ್ಕೆ ಮೂರು ಸಾವಿರ ಕೊಡುತ್ತಾರೆ. ಈಚೆಗೆ ನನ್ನ ಹೆಸರಿಗೇ ನಾಮಕರಣ, ಗೃಹಪ್ರವೇಶ, ಸಣ್ಣಪುಟ್ಟ ಮದುವೆ ಬರೋಕೆ ಶುರುವಾಗಿವೆ. ಕ್ಯಾಮೆರಾ ಬಾಡಿ ಸೋನಿ ಎ7 ತ್ರೀ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಲೆನ್ಸ್ ಮೂರು ಇವೆ. ಬಾಡಿ ಜೊತೆ ಬಂದ 28-70 ಕಿಟ್ ಲೆನ್ಸ್, 50 ಎಫ್ 1.8, 85 ಎಫ್ 1.8. (ಹೊಸಬರಿಗೆ: 28, 70 ಅನ್ನೋದು ಎಂಎಂ, ಚಿಕ್ಕದಾದಷ್ಟು ಅಗಲ, ದೊಡ್ಡದಾದಷ್ಟು ದೂರದ್ದು ಹತ್ತಿರ ಬರುತ್ತೆ. ಎಫ್ ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ.)

ತೊಂದರೆ ಇರೋದು ಧಾರೆ ಹೊತ್ತಿನಲ್ಲಿ. ನಮ್ಮ ಕಡೆ ಮದುವೆ ನೋಡಿದವರಿಗೆ ಗೊತ್ತಿರುತ್ತೆ. ಮಂಟಪದ ಸುತ್ತ ಜನವೋ ಜನ, ಎರಡೂ ಕಡೆಯವರು ಒಬ್ಬರ ಹಿಂದೆ ಒಬ್ಬರು ಬಂದು ಕಾಯಿ ಮೇಲೆ ಹಾಲು ಎರೆದು ಹೋಗುತ್ತಿರುತ್ತಾರೆ, ಆ ಕಡೆ ವಿಡಿಯೋದವರು, ಈ ಕಡೆ ಮೊಬೈಲ್ ಹಿಡಿದ ಚಿಕ್ಕಪ್ಪಂದಿರು, ನಾನು ಒಂದು ಕಾಲು ಮಂಟಪದ ಮೇಲೆ ಇನ್ನೊಂದು ಕೆಳಗೆ ಇಟ್ಟುಕೊಂಡು ಬ್ಯಾಲೆನ್ಸ್ ಮಾಡುತ್ತಿರುತ್ತೇನೆ. ಆಗ 85 ಬಿಚ್ಚಿ 50 ಹಾಕು ಅಂದರೆ ಬಿಚ್ಚಿದ್ದನ್ನು ಎಲ್ಲಿ ಇಡೋದು, ಪುರೋಹಿತರ ಕೈಗೆ ಕೊಡೋಕಾಗುತ್ತಾ? ಕಿಟ್ ಲೆನ್ಸೇ ಸಾಕು ಅಂತ ಹೋದರೆ 70ಕ್ಕೆ ತಿರುಗಿಸಿದ ಕೂಡಲೇ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಶಟರ್ 1/160 ಸೆಕೆಂಡಿನಲ್ಲಿ ಇಟ್ಟರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹೆಚ್ಚಿಸಿ ತೋರಿಸೋ ಮಟ್ಟ, 12800 ಕೇಳುತ್ತದೆ. ಸೀರೆ ಜರಿ ಎಲ್ಲ ಗ್ರೇನ್ಸ್‌ನಲ್ಲಿ ಮುಚ್ಚಿಹೋಗುತ್ತದೆ.

ಸೋನಿಯ ದುಬಾರಿ ಜಿಎಂ ಸಾಲಿನ ಎರಡನೇ ಮಾಡೆಲ್, 24-70 ಎಫ್ 2.8 ಜಿಎಂ ಟು ಮೇಲೆ ಕಣ್ಣು ಬಿದ್ದಿದೆ. ಮೈಸೂರಿಗೆ ಹೋಗಿ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿಯೂ ಬಂದೆ. ಎರಡು ಲಕ್ಷದ ಹತ್ತಿರ ಹೇಳಿದರು, ಇಎಂಐ ಮಾಡಿಕೊಡುತ್ತೇವೆ ಅಂದರು. ಮನೆಯಲ್ಲಿ ವಿಷಯ ಎತ್ತಿದೆ. ಕಬ್ಬಿನ ದುಡ್ಡು ಈಗಷ್ಟೇ ಬಂದಿದೆ, ಅಪ್ಪ ಕೊಡಲ್ಲ ಅಂತೇನೂ ಹೇಳಲಿಲ್ಲ. "ಅಷ್ಟು ದುಡ್ಗೆ ಎರಡು ಒಳ್ಳೆ ಎಚ್‌ಎಫ್ ಹಸ ಬತ್ತವೆ ಕಣ್ಲಾ. ಅವು ಹಾಲಾದ್ರೂ ಕೊಡ್ತವೆ. ನಿನ್ ಲೆನ್ಸು ಏನ್ ಕೊಟ್ಟದು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತಗೊಳ್ಳಲಾ? ಟ್ಯಾಮ್ರಾನ್ ಕಂಪನಿಯ 28-75 ಎಫ್ 2.8 ಸಾಕಾ? ಇಲ್ಲ, ಎಫ್ 4ರ ಯಾವುದಾದರೂ ತಗೊಂಡು ಸುಮ್ನಿರಲಾ? ದಯವಿಟ್ಟು "ನಿಮ್ಮ ಬಜೆಟ್ ನೋಡಿ ತಗೊಳ್ಳಿ" ಅಂತ ಮಾತ್ರ ಹೇಳಬೇಡಿ. ಬಜೆಟ್ ನೋಡೇ ತಲೆ ಕೆಟ್ಟಿರೋದು.

ಮದ್ದೂರು ಫಾಸ್ಟ್ ಪ್ಯಾಸೆಂಜರ್

ತಗೊಳ್ಳಿ ಗುರು, ಯೋಚನೆ ಮಾಡ್ತಾ ಕೂತರೆ ಸೀಸನ್ ಮುಗಿದೇ ಹೋಗುತ್ತೆ.

ನನ್ನ ಹತ್ತಿರ ಇರೋದು ಮೊದಲ ಜಿಎಂ, 2016ರ ಮಾಡೆಲ್. ತೂಕ 886 ಗ್ರಾಂ. ಹೊಸದು 695. ಕಾಗದದ ಮೇಲೆ ಇನ್ನೂರು ಗ್ರಾಂ ಏನು ಮಹಾ ಅನ್ನಿಸುತ್ತೆ, ಆದರೆ ಸಂಜೆ ರಿಸೆಪ್ಷನ್‌ಗೆ ಕತ್ತಿಗೆ ಹಾಕಿಕೊಂಡದ್ದು ಮಾರನೇ ದಿನ ಊಟದ ಪಂಕ್ತಿ ಮುಗಿಯೋವರೆಗೂ ಕತ್ತಲ್ಲೇ ಇರುತ್ತಲ್ಲ, ಆವಾಗ ಕೇಳಿ. ಮದುವೆ ಪೂರ್ತಿ ಇದೊಂದೇ ಲೆನ್ಸ್‌ನಲ್ಲಿ ಮುಗಿಸಿದ ದಿನಗಳಿವೆ. ಬ್ಯಾಗ್ ಮುಟ್ಟೋದೇ ಬೇಡ. ಪಾರ್ಟಿಗಳು, ಅಂದರೆ ಕೆಲಸ ಕೊಡೋರು ಕೂಡ ಲೆನ್ಸ್ ಸೈಜ್ ನೋಡುತ್ತಾರೆ ಸ್ವಾಮಿ, ನಗಬೇಡಿ, ನಿಜ. ಗೆಸ್ಟ್‌ಗಳ ಕೈಯಲ್ಲೇ ಇವತ್ತು ಒಳ್ಳೊಳ್ಳೆ ಕ್ಯಾಮೆರಾ ಇರುತ್ತೆ, ನಾವು ಕಿಟ್ ಲೆನ್ಸ್ ಹಿಡಿದು ಹೋದರೆ ರೇಟ್ ಹೇಳೋಕೇ ಬಾಯಿ ಬರಲ್ಲ.

ಕುಕ್ಕರಹಳ್ಳಿ ಏರಿ

ಪಾರ್ಟಿಗಳು ಆಲ್ಬಂ ನೋಡುತ್ತಾರೆ, ಲೆನ್ಸ್ ಅಲ್ಲ. ಇರಲಿ, ಆ ಜಗಳ ಇನ್ನೊಂದು ದಿನ.

ಜಿಎಂ ಟು ಒಳ್ಳೆಯ ಲೆನ್ಸ್, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ಬಂತು, ಫೋಕಸ್ ಬಹಳ ಚುರುಕು. ಆದರೆ ಅದಕ್ಕೆ ನೀವು ಮೇಲೆ ಕೊಡುವ ದುಡ್ಡಲ್ಲಿ ಒಂದು ಪಾಲು ನಿಮ್ಮ ಬಾಡಿಯಲ್ಲಿ ಕೆಲಸಕ್ಕೇ ಬರೋದಿಲ್ಲ. ಸೋನಿ ಬಾಡಿಗಳಿಗೆ ಬೇರೆ ಕಂಪನಿ ಲೆನ್ಸ್ ಹಾಕಿದರೆ ಸೆಕೆಂಡಿಗೆ 15 ಫೋಟೋಗಿಂತ ಮೇಲೆ ಹೋಗೋದಿಲ್ಲ, ಸೋನಿಯದೇ ಹಾಕಿದರೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಎ7 ತ್ರೀ ಹೊಡೆಯೋದೇ ಸೆಕೆಂಡಿಗೆ 10. ವಿಡಿಯೋದಲ್ಲಿ ಫೋಕಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಫ್ರೇಮ್ ಸ್ವಲ್ಪ ಹಿಗ್ಗಿ ಕುಗ್ಗುತ್ತದಲ್ಲ, ಅದನ್ನು ಸರಿ ಮಾಡುವ ಬ್ರೀದಿಂಗ್ ಕಾಂಪೆನ್ಸೇಶನ್ ಅನ್ನೋದು ಸೋನಿ ಲೆನ್ಸ್‌ಗೆ ಮಾತ್ರ ಸಿಗುತ್ತದೆ, ಅದೂ ಎ7 ಫೋರ್‌ನಂಥ ಹೊಸ ಬಾಡಿಗಳಲ್ಲಿ. ನಿಮ್ಮದರಲ್ಲಿ ಆ ಮೆನುವೇ ಇಲ್ಲ. ಇನ್ನು ಕೈ ಅಲುಗಾಟ ತಡೆಯೋ ಸ್ಟೆಬಿಲೈಸೇಶನ್. ಜಿಎಂ ಟುನಲ್ಲೂ ಇಲ್ಲ, ಟ್ಯಾಮ್ರಾನ್‌ನಲ್ಲೂ ಇಲ್ಲ, ಇನ್ನೊಂದು ಕಂಪನಿ ಸಿಗ್ಮಾದ 24-70 ಎಫ್ 2.8ರಲ್ಲೂ ಇಲ್ಲ. ಬಾಡಿ ಒಳಗೇ ಇರೋದರಿಂದ ಮೂರಕ್ಕೂ ಒಂದೇ ಲೆಕ್ಕ.

ಹಾಗಾಗಿ ನಿಮಗೆ ಬೇಕಿರೋದು ಏನು ಅಂತ ಬಿಡಿಸಿ ನೋಡಿದರೆ ಎರಡೇ. ಎಫ್ 2.8, ಮತ್ತೆ ಅಗಲ.

ಎಫ್ 2.8 ಯಾಕೆ ಅಂದರೆ, 70ರಲ್ಲಿ ನಿಮ್ಮ ಕಿಟ್ ಲೆನ್ಸ್ 5.6. ಅಲ್ಲಿಂದ 2.8ಕ್ಕೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು. ನಿಮ್ಮ 12800 ಅದೇ ಮಂಟಪದಲ್ಲಿ ಅದೇ ಶಟರ್‌ಗೆ 3200 ಆಗುತ್ತೆ. ಎ7 ತ್ರೀಯಲ್ಲಿ 3200 ಅಂದರೆ 12×36 ಇಂಚಿನ ಆಲ್ಬಂನಲ್ಲಿ ಯಾರೂ ಗ್ರೇನ್ಸ್ ಹುಡುಕೋಕೆ ಹೋಗಲ್ಲ. ಎಫ್ 4 ತಗೊಂಡರೆ 6400. ಅದೂ ನಡೆಯುತ್ತೆ, ಗ್ರೇನ್ಸ್ ತೆಗೆಯೋ ಈಗಿನ ಡಿನಾಯ್ಸ್ ಸಾಫ್ಟ್‌ವೇರ್ ಹಾಕಿದರೆ ಚೆನ್ನಾಗೇ ನಡೆಯುತ್ತೆ, ಆದರೆ ಒಂದೊಂದು ಫೋಟೋನೂ ಅದರಲ್ಲಿ ಹಾಯಿಸಿ ತೆಗೆಯಬೇಕು. ಎರಡು ದಿನದ ಮದುವೆಯ ಅಷ್ಟೂ ಫೋಟೋಗೆ ಅದನ್ನು ಹಾಕಿ ಕಂಪ್ಯೂಟರ್ ಮುಂದೆ ಕಾಯುತ್ತಾ ಕೂತರೆ ಆಯ್ತು ಕಥೆ.

ಅಗಲದ ವಿಷಯ ಜನ ಅಷ್ಟಾಗಿ ಮಾತಾಡಲ್ಲ. "24 ಆದರೇನು 28 ಆದರೇನು, ನಾಲ್ಕು ಎಂಎಂ ತಾನೆ, ಒಂದು ಹೆಜ್ಜೆ ಹಿಂದೆ ಹೋದರೆ ಆಯ್ತು" ಅನ್ನುತ್ತಾರೆ. ನೀವೇ ಹೇಳಿದ ಹಾಗೆ ಒಂದು ಕಾಲು ಮಂಟಪದ ಮೇಲೆ ಇನ್ನೊಂದು ಕೆಳಗೆ ಇದ್ದರೆ ಹಿಂದೆ ಹೋಗೋದು ಎಲ್ಲಿಗೆ? ಹೋಮಕುಂಡ ಆ ಕಡೆ, ವಿಡಿಯೋ ಲೈಟ್ ಸ್ಟ್ಯಾಂಡ್ ಈ ಕಡೆ. ಲೆಕ್ಕ ಹಾಕಿ ನೋಡಿ. ಎರಡು ಮೀಟರ್ ದೂರದಲ್ಲಿ ನಿಂತರೆ 24ರಲ್ಲಿ ಮೂರು ಮೀಟರ್ ಅಗಲ ಫ್ರೇಮಿಗೆ ಬರುತ್ತದೆ. 28ರಲ್ಲಿ ಎರಡೂವರೆ ಮೀಟರ್ ಚಿಲ್ಲರೆ. ಆ ನಲವತ್ತು ಸೆಂಟಿಮೀಟರ್‌ನಲ್ಲಿ ಒಬ್ಬರು ಸೋದರತ್ತೆ ನಿಂತಿರುತ್ತಾರೆ. ಆಲ್ಬಂ ಬಂದ ದಿನ ಮೊದಲು ಫೋನ್ ಮಾಡೋದೂ ಅವರೇ.

ಈಗ ಒಂದು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ. ನೀವು ಈವರೆಗೆ ಕಿಟ್ ಲೆನ್ಸ್‌ನಲ್ಲಿ ತೆಗೆದ ಮದುವೆಗಳನ್ನು ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ತೆಗೆದು, ಫಿಲ್ಟರ್‌ನಲ್ಲಿ ಫೋಕಲ್ ಲೆಂತ್ (ಎಷ್ಟು ಎಂಎಂನಲ್ಲಿ ಹೊಡೆದದ್ದು) ಕಾಲಂ ಹಾಕಿ. ಪಾರ್ಟಿ ಆರಿಸಿ ಆಲ್ಬಂಗೆ ಹೋದ ಫೋಟೋಗಳನ್ನು ಮಾತ್ರ ನೋಡಿ, ಕಾರ್ಡ್ ತುಂಬ ಹೊಡೆದದ್ದನ್ನೆಲ್ಲ ಅಲ್ಲ. ಎಲ್ಲಿ ಜಾಸ್ತಿ ಗುಡ್ಡೆ ಬಿದ್ದಿದೆ? 28ಕ್ಕೆ ಅಂಟಿಕೊಂಡು ಬಿದ್ದಿದ್ದರೆ ನಿಮಗೆ ಜಾಗ ಸಾಲುತ್ತಿಲ್ಲ ಅಂತ ಅರ್ಥ, ಟ್ಯಾಮ್ರಾನ್ ಮರೆತುಬಿಡಿ. 50ರಿಂದ 70ರ ನಡುವೆ ಬಿದ್ದಿದ್ದರೆ ಟ್ಯಾಮ್ರಾನ್ ಧಾರಾಳ ಸಾಕು. 540 ಗ್ರಾಂ ತೂಕ, ಮುಂದೆ ಹಾಕೋ ಫಿಲ್ಟರ್ 67 ಎಂಎಂ, ನಿಮ್ಮ 85ರದೂ 67 ತಾನೆ, ಅದೇ ಆಗುತ್ತೆ. ನೋಡಿ ಬಂದು ಹೇಳಿ, ಆಮೇಲೆ ಮಾತಾಡೋಣ.

ರೋಲ್ ಕ್ಯಾಮೆರಾ ಮಾವ

ಎಲ್ಲರೂ ಲೆನ್ಸ್ ಲೆನ್ಸ್ ಅನ್ನುತ್ತಿದ್ದೀರಿ, ಆ ಹುಡುಗನ ಹತ್ತಿರ ಫ್ಲ್ಯಾಶ್ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ.

ತಮ್ಮಾ, ನಿನ್ನ ಪೋಸ್ಟ್‌ನಲ್ಲಿ ಮೂರು ಲೆನ್ಸ್ ಬರೆದಿದ್ದೀಯ, ಫ್ಲ್ಯಾಶ್ ಬರೆದಿಲ್ಲ. ಮೈಸೂರು ಮಂಡ್ಯದ ಛತ್ರಗಳಲ್ಲಿ ಈಗ ಏನಾಗಿದೆ ಅಂದರೆ ಹಿಂದೆ ಎಲ್‌ಇಡಿ ವಾಲ್, ಮೇಲೆ ಗುಲಾಬಿ ಪಾರ್ ಲೈಟು, ಪಕ್ಕದಲ್ಲಿ ವಿಡಿಯೋದವನ ಬಿಳಿ ಲೈಟು. ಹುಡುಗಿಯ ಒಂದು ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಗುಲಾಬಿ. ಎಫ್ 2.8 ಹಾಕಿದರೆ ಏನಾಗುತ್ತೆ? ಅದೇ ನೀಲಿ, ಅದೇ ಗುಲಾಬಿ, ಜಾಸ್ತಿ ಬೆಳಕಲ್ಲಿ ಬರುತ್ತೆ. ಬಣ್ಣ ಸರಿ ಮಾಡೋದು ನಿನ್ನದೇ ಬೆಳಕು. ಒಂದು ಒಳ್ಳೆ ಫ್ಲ್ಯಾಶ್ ತಗೊಂಡು ಮೇಲಕ್ಕೋ ಹಿಂದಿನ ಗೋಡೆಗೋ ತಿರುಗಿಸಿ ಹೊಡಿ. ಸೀಲಿಂಗ್ ತೀರಾ ಎತ್ತರ ಇದ್ದರೆ, ಅಥವಾ ಬಣ್ಣದ ಬಟ್ಟೆ ಕಟ್ಟಿದ್ದರೆ, ಅಸಿಸ್ಟೆಂಟ್ ಕೈಯಲ್ಲಿ ಟ್ರಿಗರ್ (ದೂರದಿಂದ ಫ್ಲ್ಯಾಶ್ ಹೊಡೆಸೋದು) ಹಾಕಿದ ಇನ್ನೊಂದು ಫ್ಲ್ಯಾಶ್ ಕೊಟ್ಟು ಪಕ್ಕಕ್ಕೆ ನಿಲ್ಲಿಸು. ಕಿಟ್ ಲೆನ್ಸಲ್ಲೇ ಐಎಸ್‌ಒ 1600ರ ಒಳಗೆ ಬರುತ್ತೀಯ.

ಇನ್ನೊಂದು ಮಾತು. ಎಫ್ 2.8 ಕೊಂಡ ಕೂಡಲೇ ಎಲ್ಲವನ್ನೂ 2.8ರಲ್ಲೇ ಹೊಡೆಯೋ ಹುಚ್ಚು ಹಿಡಿಯುತ್ತೆ. 70ರಲ್ಲಿ, ಎರಡು ಮೀಟರ್ ದೂರದಲ್ಲಿ, 2.8ಕ್ಕೆ ಸಿಗೋ ಫೋಕಸ್ ಆಳ ಸುಮಾರು ಹದಿನಾಲ್ಕು ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಹುಡುಗ ಹುಡುಗಿ ಪಕ್ಕಪಕ್ಕ ಕೂತಿರುವಾಗ ನೀನು ಓರೆಯಲ್ಲಿ ನಿಂತು ಹೊಡೆದರೆ ಒಬ್ಬರ ಕಣ್ಣು ಶಾರ್ಪ್, ಇನ್ನೊಬ್ಬರದು ಮಂಜು. ಆಗ ತಾನಾಗಿಯೇ ಎಫ್ 4ಕ್ಕೆ, 5.6ಕ್ಕೆ ಹೋಗುತ್ತೀಯ. ಗ್ರೂಪ್ ಫೋಟೋಗಂತೂ ಹೋಗಲೇಬೇಕು.

ಕೆಲವರು ಅರಮನೆ ದೀಪಾಲಂಕಾರ ತೆಗೆಯೋಕೂ 2.8 ಬೇಕು ಅಂತಾರೆ, ಅದು ಇನ್ನೂ ತಮಾಷೆ. ಭಾನುವಾರ ಸಂಜೆ ಅಲ್ಲಿ ಲಕ್ಷದ ಹತ್ತಿರ ಬಲ್ಬು ಉರಿಯುತ್ತೆ, ಅರಮನೆ ಎಲ್ಲೂ ಓಡಿಹೋಗಲ್ಲ. ಕ್ಯಾಮೆರಾ ಎಲ್ಲಾದರೂ ಅಲ್ಲಾಡದ ಹಾಗೆ ಊರಿಟ್ಟು ಎಫ್ 8ರಲ್ಲಿ ಹೊಡೆದರೆ ಕಿಟ್ ಲೆನ್ಸ್ ಸಾಕು.

ಮೇಲುಕೋಟೆ ಮೆಟ್ಟಿಲು

ಮಾವ ಹೇಳಿದ್ದು ಛತ್ರಕ್ಕೆ ಸರಿ. ಎಲ್ಲ ಕಡೆಗೂ ಅಲ್ಲ.

ವೈರಮುಡಿಗೆ ಬನ್ನಿ ಒಂದು ಸಲ. ಮಂಡ್ಯದ ಜಿಲ್ಲಾ ಖಜಾನೆಯಿಂದ ಕಿರೀಟ ಹೊರಟು ಮೇಲುಕೋಟೆ ಮುಟ್ಟಿ, ಚೆಲುವನಾರಾಯಣನಿಗೆ ಮುಡಿಸಿ, ಉತ್ಸವ ಹೊರಡೋದು ರಾತ್ರಿ. ಆ ಕಿರೀಟಕ್ಕೆ ಹಗಲಿನ ಬೆಳಕು ತಾಗಬಾರದು ಅನ್ನೋದು ಸಂಪ್ರದಾಯ. ಅಂದರೆ ಫೋಟೋಗ್ರಾಫರ್‌ಗೆ ಬೆಳಕು ಕೊಡಬಾರದು ಅಂತಲೇ ಮಾಡಿದ ಹಬ್ಬ! ಟ್ರೈಪಾಡ್ ಊರೋಕೆ ಜಾಗ ಇಲ್ಲ. ಫ್ಲ್ಯಾಶ್ ಹೊಡೆದರೆ ಮುಂದಿನ ಭಕ್ತರ ತಲೆಗಳು ಬೆಳಗುತ್ತವೆ, ದೇವರು ಕತ್ತಲಲ್ಲೇ ಇರುತ್ತಾನೆ. ಜನ ತಳ್ಳಿದ ಕಡೆ ನಾವು ಹೋಗಬೇಕು. ಉತ್ಸವ ದೂರ ಇರುವಾಗ 70 ಬೇಕು, ಅರೆ ನಿಮಿಷದಲ್ಲಿ ಅದು ತಲೆ ಮೇಲೆ ಬಂದಿರುತ್ತೆ, ಆಗ 24 ಬೇಕು. ಅಲ್ಲಿ ಎಫ್ 2.8 ಜೂಮ್ ಬಿಟ್ಟರೆ ನನಗೆ ಬೇರೆ ದಾರಿ ಗೊತ್ತಿಲ್ಲ. ನಾನು ಸಿಗ್ಮಾ 24-70 ಆರ್ಟ್ ಬಳಸುತ್ತೇನೆ, 2019ರ ಮೊದಲ ಮಾಡೆಲ್. 830 ಗ್ರಾಂ, ಭಾರವೇ. 2024ರಲ್ಲಿ ಎರಡನೇದು ಬಂದಿದೆ, ಸ್ವಲ್ಪ ಹಗುರ ಮಾಡಿದ್ದಾರೆ, ಎಫ್ ಅಂಕಿ ಬದಲಿಸೋ ಅಪರ್ಚರ್ ರಿಂಗ್ ಕೊಟ್ಟಿದ್ದಾರೆ. ಬೆಲೆ ಜಿಎಂ ಟುಗೆ ಹೋಲಿಸಿದರೆ ಬಹಳ ಕಡಿಮೆ, ಲಕ್ಷದ ಆಚೀಚೆ.

ಆದರೆ ರಂಗಾಯಣದ ನಾಟಕ ತೆಗೆಯೋದಾದರೆ 70 ಸಾಲಲ್ಲ, 70-200ಕ್ಕೇ ಹೋಗಬೇಕು.

ಬನ್ನೂರು ಕುರಿ

ಇದರಲ್ಲಿ ರಂಗನತಿಟ್ಟು ಹಕ್ಕಿ ಬರುತ್ತಾ ಅಣ್ಣ?

ಮೇಲುಕೋಟೆ ಮೆಟ್ಟಿಲು

ದೋಣಿ ಬರುತ್ತೆ. ದೋಣಿಯಲ್ಲಿ ಕೂತವರು ಬರುತ್ತಾರೆ. ಹಕ್ಕಿಗೆ 400 ಎಂಎಂ ಆದರೂ ಬೇಕು.

ಪಿಕ್ಸೆಲ್ ಅಕ್ಕ

ನಾನು ಸರಸ್ವತಿಪುರಂ. ಮಕ್ಕಳ ಫೋಟೋ, ಸೀಮಂತದ ಫೋಟೋ ಕೆಲಸ. ಲೆನ್ಸ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನು ದುಡ್ಡಿನ ಬಗ್ಗೆ ಹೇಳುತ್ತೇನೆ. ನಿಮ್ಮ ಅಪ್ಪ ಕೇಳಿದ್ದು ಸರಿಯಾಗೇ ಇದೆ, ಅದಕ್ಕೆ ಉತ್ತರ ಬೇಕು.

ಎರಡು ಲಕ್ಷ. ಎರಡು ವರ್ಷದ ಇಎಂಐ ಅಂದರೆ ತಿಂಗಳಿಗೆ ಒಂಬತ್ತೂವರೆಯಿಂದ ಹತ್ತು ಸಾವಿರ ಅಂದುಕೊಳ್ಳಿ. ಸೆಕೆಂಡ್ ಕ್ಯಾಮೆರಾಗೆ ದಿನಕ್ಕೆ ಮೂರು ಸಾವಿರ ಅಂದಿರಿ. ಮೂರು ದಿನದ ಕೆಲಸ ಪೂರ್ತಿ ಲೆನ್ಸ್‌ಗೇ ಹೋಯಿತು, ಸೀಸನ್‌ನಲ್ಲಿ ಅದೇನೂ ಕಷ್ಟ ಅಲ್ಲ. ಆದರೆ ಆಷಾಢದಲ್ಲಿ? ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಧನುರ್ಮಾಸದಲ್ಲೂ ಅದೇ ಕಥೆ. ಬ್ಯಾಂಕಿನವರಿಗೆ ಆಷಾಢ ಇಲ್ಲ, ಐದನೇ ತಾರೀಖು ಮೆಸೇಜ್ ಬಂದೇ ಬರುತ್ತೆ. "ನೋ ಕಾಸ್ಟ್ ಇಎಂಐ" ಅಂದರೂ ಪ್ರೊಸೆಸಿಂಗ್ ಫೀಸ್ ಎಷ್ಟು, ಬಡ್ಡಿ ಭಾಗದ ಮೇಲೆ ಜಿಎಸ್‌ಟಿ ಹಾಕುತ್ತಾರಾ ಅಂತ ಕೇಳಿ ಬರೆಸಿಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ಇದು. ಜಿಎಂ ಇದೆ ಅಂತ ನಿಮ್ಮ ಸ್ಟುಡಿಯೋ ದಿನಗೂಲಿ ಮೂರರಿಂದ ನಾಲ್ಕು ಮಾಡುತ್ತಾ? ಮಾಡಲ್ಲ, ಅಲ್ವಾ? ಅವರಿಗೆ ಫೋಟೋ ಬಂದರೆ ಸಾಕು. ಲೆನ್ಸ್ ದುಡ್ಡು ಹಿಂದಕ್ಕೆ ಬರೋದು ನಿಮ್ಮ ಹೆಸರಿಗೆ ಬರುವ ಕೆಲಸದಿಂದ. ಅಂಥವು ಮುಂದಿನ ಕಾರ್ತಿಕದಿಂದ ವೈಶಾಖದವರೆಗೆ ಎಷ್ಟು ಬುಕ್ ಆಗಿವೆ, ಅಡ್ವಾನ್ಸ್ ಕೈಗೆ ಬಂದಿದೆಯಾ, ಅದನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಡಿ. ಬಾಯಿಮಾತಲ್ಲಿ "ಬರ್ತವೆ" ಅಂದರೆ ಯಾವ ರೈತನೂ ನಂಬಲ್ಲ, ಕಬ್ಬಿನ ದುಡ್ಡು "ಬರ್ತದೆ" ಅಂತ ಅವರು ಎಷ್ಟು ಸಲ ಕೇಳಿರುತ್ತಾರೋ.

ಜಿಎಸ್‌ಟಿ ನೋಂದಣಿ ಇದ್ದರೆ ಲೆನ್ಸ್‌ಗೆ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ತಗೋಬಹುದು. ಆದರೆ ನಮ್ಮಂಥ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ, ನಿಮಗೆ ಸದ್ಯ ಇರಲಾರದು. ಹಾಗಾಗಿ ಅಂಗಡಿಯವನು "ಜಿಎಸ್‌ಟಿ ವಾಪಸ್ ಬರುತ್ತೆ ಸರ್" ಅಂದರೆ ಆ ಲೆಕ್ಕ ನಿಮಗಲ್ಲ. ಹಾಗೆಯೇ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೂ ಬೇಡ. ಇಲ್ಲಿನ ವಾರಂಟಿ ಸಿಗಲ್ಲ, ಮುಂದೆ ಮಾರುವಾಗಲೂ ಬೆಲೆ ಸಿಗಲ್ಲ.

ಕೊನೆಗೆ, ಬಾಡಿಗೆ. ಬೆಂಗಳೂರಲ್ಲಂತೂ ಧಾರಾಳ ಸಿಗುತ್ತೆ, ಮೈಸೂರಲ್ಲೂ ವಿಚಾರಿಸಿ. ಆಧಾರ್ ಕಾಪಿ, ಅಡ್ವಾನ್ಸ್ ಕೇಳುತ್ತಾರೆ. ನಿಮ್ಮ ಹೆಸರಿನ ಮುಂದಿನ ಮದುವೆಗೆ ಎರಡು ದಿನ ತಂದು ಬಳಸಿ. ಕೊಂಡ ಮೇಲೆ ತೂಕ ಜಾಸ್ತಿ ಅನ್ನೋದಕ್ಕಿಂತ ಮೊದಲೇ ಗೊತ್ತಾಗುತ್ತೆ.

ಮದ್ದೂರು ಫಾಸ್ಟ್ ಪ್ಯಾಸೆಂಜರ್

ಅಕ್ಕ, ಎಲ್ಲ ಸರಿ, ಆದರೆ ಮಗ ಬೆಳೆಯೋ ಹೊತ್ತಲ್ಲಿ ಬಾಡಿಗೆ ಲೆನ್ಸ್ ತಂದುಕೊಂಡು ಎಷ್ಟು ದಿನ? ಮುಹೂರ್ತ ಇರೋ ದಿನ ಎಲ್ಲರಿಗೂ ಮುಹೂರ್ತ. ಆವತ್ತು ಬಾಡಿಗೆಗೂ ಲೆನ್ಸ್ ಸಿಗಲ್ಲ.

ಪಿಕ್ಸೆಲ್ ಅಕ್ಕ

ಅದು ಒಪ್ಪಿದೆ. ಒಂದು ಸಲ ನೋಡೋಕೆ ಬಾಡಿಗೆ ಅಂದೆ, ಜೀವನಪೂರ್ತಿ ಅಲ್ಲ.

ಸಕ್ಕರೆನಾಡ ಹುಡುಗ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಏರಿ ಅಣ್ಣ ಹೇಳಿದ ಹಾಗೆ ಲೈಟ್‌ರೂಮ್‌ನಲ್ಲಿ ಕೂತು ನೋಡಿದೆ. ಆಲ್ಬಂಗೆ ಹೋದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ 28ಕ್ಕೆ ಅಂಟಿಕೊಂಡಿವೆ. ಉಳಿದದ್ದರಲ್ಲಿ ಬಹುಪಾಲು 70. ನಡುವೆ 35, 40ರಲ್ಲಿ ಬಹಳ ಕಮ್ಮಿ. ಧಾರೆ ಫೋಟೋಗಳನ್ನು ಬೇರೆ ಮಾಡಿ ನೋಡಿದರೆ ಹೆಚ್ಚುಕಡಿಮೆ ಎಲ್ಲ 28ರಲ್ಲೇ, ಅದರಲ್ಲೂ ಅಂಚಿನಲ್ಲಿ ಯಾರದಾದರೂ ಭುಜ, ಅರ್ಧ ಕೈ, ಬಿಂದಿಗೆ ಹಿಡಿದ ಬೆರಳು ಮಾತ್ರ. ಜೀರಿಗೆ ಬೆಲ್ಲ ಹಾಕುವ ಒಂದು ಫೋಟೋ ಇದೆ, ತೆರೆ ಸರಿದ ಕ್ಷಣ. ಹುಡುಗಿ ಕೈ ಮೇಲಕ್ಕೆ ಎತ್ತಿದ್ದಾಳೆ, ಕೈ ಫ್ರೇಮಿನಿಂದ ಹೊರಗೆ ಹೋಗಿದೆ, ಜೀರಿಗೆ ಮಾತ್ರ ಗಾಳಿಯಲ್ಲಿದೆ. ಈವರೆಗೆ ಅದನ್ನು ನಾನು ಗಮನಿಸಿರಲೇ ಇಲ್ಲ.

ಮಾವ, ಫ್ಲ್ಯಾಶ್ ಒಂದಿದೆ, ಸ್ಟುಡಿಯೋದ್ದು. ನನ್ನದು ಅಂತ ಇಲ್ಲ. ಅದೂ ಲಿಸ್ಟಿಗೆ ಸೇರಿಸಿದೆ.

ಹಾಗಾದರೆ 24 ಬೇಕು, 2.8 ಬೇಕು. ಸಿಗ್ಮಾ ಅನ್ನಿಸುತ್ತಿದೆ. ಮೊದಲ ಮಾಡೆಲ್ ಒಂದು ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಇದೆ ಅಂತ ಗೊತ್ತಾಯಿತು. ನೋಡೋಕೆ ಹೋದರೆ ಏನೇನು ನೋಡಬೇಕು?

ಕುಕ್ಕರಹಳ್ಳಿ ಏರಿ

28ಕ್ಕೆ ಅಷ್ಟು ಅಂಟಿಕೊಂಡಿದ್ದರೆ ಮಾತೇ ಇಲ್ಲ. ಸಿಗ್ಮಾ ಸರಿ. ಜಿಎಂ ಟುಗೂ ಇದಕ್ಕೂ ಉಳಿಯುವ ದುಡ್ಡಲ್ಲಿ ಮಾವ ಹೇಳಿದ ಫ್ಲ್ಯಾಶ್, ಟ್ರಿಗರ್ ಎರಡೂ ಬಂದು ಇನ್ನೂ ಮಿಗುತ್ತದೆ. ಜಿಎಂಗೆ ಫೋಕಸ್ ಇನ್ನೂ ಚುರುಕು, ಹಗುರ, ನಿಜ. ಮುಂದೆ ಬಾಡಿ ಬದಲಾಯಿಸಿದ ದಿನ ಅದರ ಯೋಚನೆ ಮಾಡಿ.

ಹಳೇ ಲೆನ್ಸ್ ನೋಡುವಾಗ ಎರಡೂ ಕ್ಯಾಪ್ ತೆಗೆದು, ಮೊಬೈಲ್ ಟಾರ್ಚ್ ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ಒಳಗೆ ನೋಡಿ. ಧೂಳಿನ ಚುಕ್ಕಿ ಒಂದೆರಡು ಇದ್ದರೆ ಚಿಂತೆ ಇಲ್ಲ. ಬೇರು ಬಿಟ್ಟ ಹಾಗೆ ಎಳೆ ಎಳೆ ಕಂಡರೆ ಅದು ಫಂಗಸ್, ಕೈ ಮುಗಿದು ವಾಪಸ್ ಬನ್ನಿ. ಮೌಂಟ್ ಸ್ಕ್ರೂಗಳ ತಲೆ ಕೆರೆದುಹೋಗಿದೆಯಾ ನೋಡಿ. ಕೆರೆದಿದ್ದರೆ ಯಾರೋ ಬಿಚ್ಚಿದ್ದಾರೆ. ಲೆನ್ಸ್ ಮೂತಿ ಕೆಳಗೆ ಮಾಡಿ ಹಿಡಿದಾಗ ಜೂಮ್ ತಾನಾಗಿ ಜಾರುತ್ತಾ ನೋಡಿ. ಬಿಲ್‌ನಲ್ಲಿರೋ ಸೀರಿಯಲ್ ನಂಬರ್, ಲೆನ್ಸ್ ಮೇಲಿನದು ಎರಡೂ ಒಂದೇನಾ?

ಆಮೇಲೆ ಒಂದು ದಿನಪತ್ರಿಕೆ ತಗೊಂಡು ಹೋಗಿ. ಎರಡು ಹಾಳೆ ಬಿಡಿಸಿ ಅವರ ಗೋಡೆಗೆ ಟೇಪ್ ಹಾಕಿ ಅಂಟಿಸಿ, ನೇರವಾಗಿ ನಿಂತು 24ರಲ್ಲಿ ಒಂದು, 50ರಲ್ಲಿ ಒಂದು, 70ರಲ್ಲಿ ಒಂದು, ಎಲ್ಲ ಎಫ್ 2.8ರಲ್ಲೇ. ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆಯ ಒತ್ತಕ್ಷರ ಓದಿ. ನಾಲ್ಕೂ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸ್‌ನ ಗುಣ, ಇರಲಿ. ಮೂರು ಮೂಲೆ ಚೆನ್ನಾಗಿದ್ದು ಒಂದರಲ್ಲಿ ಮಾತ್ರ "ಷ್ಟ್ರ" ಕಲಸಿ ಮುದ್ದೆಯಾಗಿದ್ದರೆ ಒಳಗೆ ಗಾಜು ಜರುಗಿದೆ, ಯಾವತ್ತೋ ಕೆಳಗೆ ಬಿದ್ದಿರಬೇಕು. ಮಾರುವವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ದುಡ್ಡು ನಿಮ್ಮದು.

ರೋಲ್ ಕ್ಯಾಮೆರಾ ಮಾವ

ತಂದ ಮೇಲೆ ಬೀರುವಿನಲ್ಲಿ ಬಟ್ಟೆ ಜೊತೆ ಇಡಬೇಡ, ಮಳೆಗಾಲದಲ್ಲಿ ಫಂಗಸ್ ಗ್ಯಾರಂಟಿ. ಡ್ರೈ ಕ್ಯಾಬಿನೆಟ್ ಆಮೇಲೆ ತಗೊಂಡರೂ ಆಯಿತು. ಸದ್ಯಕ್ಕೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸೋ ಒಂದು ಪುಟ್ಟ ಮೀಟರು, ಅದು ಐವತ್ತು ಪರ್ಸೆಂಟ್ ಒಳಗೇ ಇರಲಿ. ಜೆಲ್ ಬಣ್ಣ ಬದಲಾದರೆ ಬದಲಾಯಿಸು.

ಸಕ್ಕರೆನಾಡ ಹುಡುಗ

ಸರಿ ಮಾವ. ಈ ವಾರ ಮೈಸೂರಿಗೆ ಹೋಗಿ ಪೇಪರ್ ಅಂಟಿಸಿ ನೋಡುತ್ತೇನೆ. ಅದು ಸರಿ ಇಲ್ಲ ಅಂದರೆ ಹೊಸದು, ಎರಡನೇ ಮಾಡೆಲ್. ಅದಕ್ಕೂ ಮೊದಲು ಬರುವ ಮದುವೆಗೆ ಒಂದು ಬಾಡಿಗೆಗೆ ಹೇಳಿದ್ದೇನೆ. ಅಕ್ಕ ಹೇಳಿದ ಹಾಳೆ ಬರೆದು ಅಪ್ಪನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಅಡ್ವಾನ್ಸ್ ಬಂದಿರೋವು ಯಾವು, ಬರೀ ಬಾಯಲ್ಲಿ ಹೇಳಿರೋವು ಯಾವು, ಗೆರೆ ಹಾಕು" ಅಂದರು. ಗೆರೆ ಹಾಕಿದ ಮೇಲೆ ಅರ್ಧ ದುಡ್ಡು ಅವರು ಕೊಡೋದು, ಅರ್ಧ ನನ್ನದು ಅಂತ ಆಗಿದೆ.

ಪಿಕ್ಸೆಲ್ ಅಕ್ಕ

ಒಳ್ಳೆಯದಾಯಿತು. ಬಾಡಿಗೆ ತರುವಾಗ ಹುಡ್, ಮುಂದಿನ 82 ಎಂಎಂ ಕ್ಯಾಪ್, ಹಿಂದಿನ ಕ್ಯಾಪ್ ಎಲ್ಲ ಇದೆಯಾ ನೋಡಿ, ಇರೋ ಗೀರುಗಳ ವಿಡಿಯೋ ಅವರ ಮುಂದೆಯೇ ಮಾಡಿಕೊಳ್ಳಿ. ಇಲ್ಲಾಂದ್ರೆ ಅಡ್ವಾನ್ಸ್ ವಾಪಸ್ ಕೊಡುವಾಗ ಹೊಸ ಗೀರು ಹುಡುಕುತ್ತಾರೆ.